ಎರಡನೆಯ ಚರಣ

ಮನೆಯ ಹಿಂದಿನ ಕೋಣೆ,
ಮಂಗಳವಾರ, ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಮರಿ,

ಹೇಗಿದ್ದೀಯ? ಐವತ್ತರ ಹೊಸ್ತಿಲಲ್ಲಿ ನಿಂತವನನ್ನು ಇನ್ನೂ ಮರಿ ಎಂದು ಕರೆಯುತ್ತಾಳಲ್ಲ ಎಂದು ಮುಖ ಸಿಂಡರಿಸಬೇಡ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನೀನು ನಿನ್ನಷ್ಟೇ ಉದ್ದದ ಗಿಟಾರನ್ನು ತಬ್ಬಿಕೊಂಡು ಮಲಗುತ್ತಿದ್ದೆ. ಅತ್ತಿಗೆಯ ಕಣ್ಣಿಗೆ ಅದಕ್ಕಿಂತ ದೊಡ್ಡವನಾಗುವ ಯೋಗ ನಿನಗಿಲ್ಲ. ಬೆನ್ನುನೋವು ಹೇಗಿದೆ? ದಿನವಿಡೀ ಬಗ್ಗಿ ಕೂತು ಊರವರ ವಾದ್ಯಗಳನ್ನೆಲ್ಲ ರಿಪೇರಿ ಮಾಡುತ್ತೀಯ, ನಿನ್ನ ಬೆನ್ನನ್ನು ರಿಪೇರಿ ಮಾಡುವವರು ಯಾರು? ಅಂಗಡಿಯಲ್ಲಿ ಬೆಸುಗೆ ಹಾಕುವಾಗ ಕಿಟಕಿ ತೆರೆದಿಟ್ಟುಕೋ, ಆ ಹೊಗೆ ಒಳ್ಳೆಯದಲ್ಲ. ಹೊತ್ತು ಹೊತ್ತಿಗೆ ಊಟ ಮಾಡು. ಒಬ್ಬರೇ ಇರುವವರು ತಟ್ಟೆಯನ್ನೂ ತೆಗೆದುಕೊಳ್ಳದೆ ಪಾತ್ರೆಯಿಂದಲೇ ನಿಂತು ತಿಂದು ಮುಗಿಸುತ್ತಾರೆ, ನನಗೆ ಗೊತ್ತು. ಇದನ್ನೆಲ್ಲ ಫೋನಿನಲ್ಲಿ ಕೇಳೋಣವೆಂದರೆ ನೀನು ಎತ್ತುವುದಿಲ್ಲ. ಎತ್ತಿದರೂ ಅರ್ಧಕ್ಕೆ ಇಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ಈ ಸಲ ಆ ಸಾಲು ಬಿಟ್ಟಿದ್ದೇನೆ.

ನೀನು ಆಡಿದ ಮಾತು ಇಲ್ಲಿಗೆ ಬಂದು ತಲುಪಿತು. ನಮ್ಮ ತಂಡದ ಹೊಸ ಆಲ್ಬಮ್ಮನ್ನು ಅಂಗಡಿಗೆ ಬಂದ ಯಾರೋ ಹಾಕಿ ಕೇಳಿಸಿದರಂತೆ. ನೀನು ಪೂರ್ತಿ ಕೇಳಿ, ‘ನಮ್ಮಣ್ಣ ನನ್ನ ಕತ್ತಲೆಯನ್ನೇ ಕದ್ದು ಮಾರ್ತಿದಾನೆ’ ಎಂದೆಯಂತೆ. ಅದು ಹೇಗೋ ಗುಡುಗನ ಕಿವಿಗೆ ಬಿತ್ತು. ಆ ಡ್ರಮ್ಮಿನವನ ಹೊಟ್ಟೆ ಎಷ್ಟು ದೊಡ್ಡದಾದರೂ ಅದರಲ್ಲಿ ಒಂದು ಮಾತು ನಿಲ್ಲುವುದಿಲ್ಲ, ನೀನು ಕಂಡವನೇ. ಟೀ ಕುಡಿಯುವಾಗ ಎಲ್ಲರೆದುರು ಹೇಳಿಬಿಟ್ಟ. ನಿನ್ನಣ್ಣ ಸಿಟ್ಟಾಗುತ್ತಾರೆಂದು ನಾವೆಲ್ಲ ಕಾದೆವು. ಅವರು ಸಿಟ್ಟಾಗಲಿಲ್ಲ. ಎದ್ದು ಹೋಗಿ, ಆಗಲೇ ತೊಳೆದಿಟ್ಟಿದ್ದ ಲೋಟವನ್ನು ನಲ್ಲಿಯ ಕೆಳಗೆ ಹಿಡಿದು ಮತ್ತೆ ತೊಳೆಯತೊಡಗಿದರು.

ನಿನ್ನನ್ನು ನಾನು ದೂರುವುದಿಲ್ಲ. ನೀನು ಮನೆ ಬಿಟ್ಟ ಅವತ್ತು ಇದೇ ಕೋಣೆಯಲ್ಲಿ ನಾನೂ ಇದ್ದೆನಲ್ಲ. ನೀನು ತಂತಿಗಳ ಶ್ರುತಿಯನ್ನೆಲ್ಲ ಕೆಳಗಿಳಿಸಿ ಆ ನಿಧಾನದ ಹಾಡನ್ನು ಹಾಡಿ ತೋರಿಸುತ್ತಿದ್ದೆ. ಮೊದಲ ಚರಣ ಮುಗಿಯುತ್ತಿದ್ದಂತೆ ನಿನ್ನಣ್ಣ ಬಗ್ಗಿ ಆಂಪ್ಲಿಫೈಯರಿನ ಪ್ಲಗ್ ಕಿತ್ತರು. ‘ಇದು ಸತ್ತವರ ಮನೆ ಹಾಡು. ನಮ್ಮ ಜನ ಕುಣಿಯೋಕೆ ಬರ್ತಾರೆ, ಅಳೋಕಲ್ಲ’ ಎಂದರು. ನೀನು ಗಿಟಾರನ್ನು ಚೀಲಕ್ಕೆ ಹಾಕಿದೆ. ಅದರ ಜಿಪ್ಪು ಮಧ್ಯದಲ್ಲಿ ಸಿಕ್ಕಿಕೊಂಡು ನೀನು ಎಳೆದಾಡಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಥ ಮನುಷ್ಯ ಈಗ ಕಪ್ಪು ಅಂಗಿ ತೊಟ್ಟು, ತಂತಿ ಇಳಿಸಿ, ಈಗಿನ ಹುಡುಗರ ಹಾಗೆ ಕತ್ತಲೆಯ ಹಾಡು ಹೇಳಿದರೆ ನಿನ್ನ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೆ ನಡೆದದ್ದು ನೀನು ತಿಳಿದ ಹಾಗಲ್ಲ. ಸಮಾಧಾನದಿಂದ ಓದು.

ಹೋದ ವರ್ಷ ಇದೇ ಬೇಸಿಗೆಯಲ್ಲಿ ಅವರ ಸ್ವರ ಜಾರತೊಡಗಿತು. ‘ಕೊನೆಯ ಬಸ್ಸು’ ಹಾಡಿನ ಮೇಲಿನ ಸ್ಥಾಯಿಯ ಸಾಲು ಬರುತ್ತಿರಲಿಲ್ಲ. ಮೊದಲು ನೆಗಡಿಯನ್ನು ಬೈದರು, ಆಮೇಲೆ ಕೋಣೆಯ ಧೂಳನ್ನು, ಆಮೇಲೆ ನನ್ನ ಮಿಕ್ಸರನ್ನು. ಅಡುಗೆಮನೆಯದಲ್ಲ, ಹಾಡಿನದು. ಅಡುಗೆಮನೆಯದನ್ನು ಬೈಯುವುದು ಬೇರೆ ಲೆಕ್ಕ. ಒಂದು ದಿನ ಗುಡುಗ ನನ್ನ ಹತ್ತಿರ ಬಂದು, ‘ಅತ್ತಿಗೆ, ಅಣ್ಣನ ಸ್ವರ ಹೋಗ್ತಿದೆ’ ಎಂದ. ವಯಸ್ಸಾಯಿತು, ಹಾಡುವವರಿಗೆಲ್ಲ ಒಂದು ದಿನ ಬರುವುದೇ ಎಂದುಕೊಂಡೆವು. ಅದು ಬೇರೇನೋ ಇರಬಹುದೆಂದು ಒಬ್ಬರಿಗೂ ಹೊಳೆಯಲಿಲ್ಲ. ಆದರೆ ಅವರಿಗೆ ಹೇಳುವವರು ಯಾರು? ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ದಾರಿ ತೋರಿಸಿದವನು ನಮ್ಮ ಮೌನಿ. ಬೇಸ್ ಗಿಟಾರಿನ ಮೇಲಿಂದ ಕಣ್ಣೆತ್ತದೆ, ‘ಸ್ವರ ಏರದಿದ್ರೆ ತಂತಿ ಇಳಿಸೋಣ’ ಎಂದ. ಆ ವರ್ಷ ಅವನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಇಳಿಸಲು ಒಂದು ನೆಪ ಬೇಕಲ್ಲ. ಗುಡುಗ ಮಗಳ ಫೋನಿನಲ್ಲಿ ಈಗಿನವರ ಹಾಡುಗಳನ್ನು ತಂದು ಕೇಳಿಸಿದ. ಈಗ ಎಲ್ಲ ಕಡೆ ಇದೇ ಗಾಳಿ, ತಂತಿ ಕೆಳಗೆ, ನಡೆ ನಿಧಾನ, ಎಲ್ಲವೂ ಕತ್ತಲೆ, ನಾವೂ ಹೀಗೆ ಮಾಡದಿದ್ದರೆ ಮೂಲೆಗೆ ಬೀಳುತ್ತೇವೆ ಎಂದು ಭಾಷಣ ಬಿಗಿದ. ನಾನೂ ತಾಳ ಹಾಕಿದೆ. ನಿನ್ನಣ್ಣ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಗಿಟಾರು ತೆಗೆದುಕೊಂಡು ತಾವೇ ಬಿರಡೆ ತಿರುಗಿಸಿದರು. ನಿನ್ನನ್ನು ಮನೆಬಿಟ್ಟು ಹೋಗುವ ಹಾಗೆ ಮಾಡಿದ ಹಠ ಅದು, ಇಷ್ಟು ಸುಲಭಕ್ಕೆ ಬಗ್ಗುವ ಆಸಾಮಿಯೇ ಅವರು? ಆಗಲೇ ನನಗೆ ತಿಳಿಯಬೇಕಿತ್ತು. ಬೀಸುವ ದೊಣ್ಣೆ ತಪ್ಪಿತಲ್ಲ ಎಂದು ನೆಮ್ಮದಿಯಾಗಿ ಎಲ್ಲರಿಗೂ ಇನ್ನೊಂದು ಸುತ್ತು ಟೀ ಮಾಡಿದೆ.

ತಂತಿ ಸಡಿಲವಾಗಿ ಗಿಟಾರಿನ ಕತ್ತಿಗೆ ಬಡಿಯುತ್ತಿತ್ತು. ಬಟ್ಟೆ ಒಣಗಿಸುವ ಹಗ್ಗ ಎಂದು ಗೊಣಗಿ ದಪ್ಪ ತಂತಿ ತಂದು ಹಾಕಿದರು. ಕೆಲವು ತಿಂಗಳಲ್ಲಿ ಸ್ವರ ಇನ್ನಷ್ಟು ಜಾರಿತು. ಗುಡುಗ ಇನ್ನೂ ಹೊಸ ಗಾಳಿಯೊಂದನ್ನು ಹುಡುಕಿ ತಂದ, ಮತ್ತೆ ಇಳಿಸಿದೆವು. ಎಲ್ಲರೂ ಕಪ್ಪು ಅಂಗಿ ಹೊಲಿಸಿದರು. ಟೀ ಕಲೆ ಕಾಣುವುದಿಲ್ಲ ಎಂದು ಮೌನಿಗೆ ಖುಷಿ, ಹೊಟ್ಟೆ ಸಣ್ಣದಾಗಿ ಕಾಣುತ್ತದೆ ಎಂದು ಗುಡುಗನಿಗೆ ಭ್ರಮೆ. ನಗುತ್ತಿದ್ದೆವು ಮರಿ, ಸುಳ್ಳು ಹೇಳುವುದಿಲ್ಲ. ಆದರೆ ಹಾಡುಗಳು ಮಾತ್ರ ನಗುವಂಥವಾಗಿರಲಿಲ್ಲ. ನಿನ್ನಣ್ಣ ಇಲ್ಲಿ ಒಬ್ಬರೇ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದರು. ಇವರಿಗೆ ಇಷ್ಟೊಂದು ಸಂಕಟ ಎಲ್ಲಿಂದ ಬರುತ್ತಿದೆ, ನಟನೆ ಚೆನ್ನಾಗಿದೆ ಎಂದುಕೊಳ್ಳುತ್ತಿದ್ದೆ. ಹೊಸ ಹುಡುಗ ಹುಡುಗಿಯರು ಬಂದು ಕಣ್ಣು ಮುಚ್ಚಿ ನಿಂತು ಕೇಳತೊಡಗಿದರು. ಈ ಹಳೆಯ ತಂಡ ಕೊನೆಗೂ ಧೈರ್ಯ ತೋರಿಸಿದೆ ಎಂದು ಪತ್ರಿಕೆಯಲ್ಲಿ ಬಂತು. ಧೈರ್ಯವಂತೆ. ನಾವು ಹೆದರಿ ಮಾಡಿದ್ದು ಅದು.

ಆಲ್ಬಮ್ ಬಂದ ಮೇಲೆ ಹಳೆಯ ಚಿತ್ರಮಂದಿರದಲ್ಲಿ ಕಾರ್ಯಕ್ರಮವಿತ್ತು. ಕೊನೆಯಲ್ಲಿ ಜನ ‘ಕೊನೆಯ ಬಸ್ಸು’ ಬೇಕೆಂದು ಹಠ ಹಿಡಿದರು. ಆ ಹಾಡು ಶುರುವಾಗುವುದು ನಿನ್ನ ಗಿಟಾರಿನಿಂದ. ನೀನು ಹೋದ ಮೇಲೆ ಅದನ್ನು ಬೇರೆ ಯಾರೂ ನುಡಿಸಿಲ್ಲ, ನಿನ್ನಣ್ಣ ಬಿಟ್ಟಿಲ್ಲ. ನಿನ್ನ ಹಳೆಯ ರೆಕಾರ್ಡಿಂಗನ್ನೇ ನಾನು ಹಿಂದೆ ಕೂತು ಹಾಕುತ್ತೇನೆ. ತಂತಿ ಇಳಿಸಿದ ಮೇಲೆ ಆ ಹಾಡನ್ನೇ ಕೈಬಿಟ್ಟಿದ್ದೆವು. ಅವತ್ತು ಜನರ ಉತ್ಸಾಹಕ್ಕೆ ಮನಸೋತು ಅವರು ನನ್ನತ್ತ ತಲೆಯಾಡಿಸಿದರು, ನನ್ನ ಬೆರಳು ಅಭ್ಯಾಸಬಲದಿಂದ ಗುಂಡಿ ಒತ್ತಿತು. ನಾವೆಲ್ಲ ಕೆಳಗಿಳಿದಿದ್ದೇವೆ, ನಿನ್ನ ಗಿಟಾರು ಮಾತ್ರ ಇದ್ದಲ್ಲೇ ಇದೆ ಎಂಬುದು ನಾಲ್ವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ನೀನು ಮೇಲೆ ನುಡಿಸುತ್ತಿದ್ದೆ, ಅವರು ಕೆಳಗಿನಿಂದ ಸೇರಿಕೊಂಡರು. ಆ ಅಪಸ್ವರ ಹೇಗಿದ್ದಿರಬೇಕೆಂದು ನಿನಗೆ ಹೇಳಬೇಕಾಗಿಲ್ಲ. ಗುಡುಗ ನಿಲ್ಲಿಸಿದ, ಮೌನಿ ಕೈ ತೆಗೆದ. ನಿನ್ನಣ್ಣನೂ ತಂತಿಯಿಂದ ಕೈ ತೆಗೆದರು. ನಿಲ್ಲಿಸು ಎಂದು ನನಗೆ ಸನ್ನೆ ಮಾಡಬಹುದಿತ್ತು, ಮಾಡಲಿಲ್ಲ. ಕಣ್ಣು ಮುಚ್ಚಿ ನಿನ್ನ ಶ್ರುತಿಗೇ ಹಾಡಿದರು. ಮೇಲಿನ ಸಾಲಿಗೆ ಬಂದಾಗ ಬಾಯಿ ತೆರೆಯಿತು, ಸ್ವರ ಬರಲಿಲ್ಲ. ನಾನು ಮೈಕು ಏರಿಸಿದೆ. ಏರಿದ್ದು ಬರೀ ಉಸಿರು. ಅದೂ ಹೊಸ ಶೈಲಿಯೇ ಎಂದುಕೊಂಡು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ನಮಗೆ ಅನ್ನ ಹಾಕಿದ್ದು ಆ ಚಪ್ಪಾಳೆಯೇ, ಆದರೂ ಅವತ್ತು ಅದನ್ನು ಕೇಳಲಾರದೆ ಕಿವಿ ಮುಚ್ಚಿಕೊಂಡೆ.

ಮಾರನೆಯ ದಿನವೇ ಡಾಕ್ಟರ ಬಳಿ ಎಳೆದುಕೊಂಡು ಹೋದೆ. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಗಂಟಲಲ್ಲಿ ಗಡ್ಡೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಏನು ಬರಬಾರದಿತ್ತೋ ಅದೇ ಬಂತು. ಸ್ವರ ಒಡೆದು ಎಷ್ಟು ದಿನವಾಯಿತು ಎಂದು ಡಾಕ್ಟರು ಕೇಳಿದರು. ಈಚೆಗೆ ಎನ್ನಲು ನಾನು ಬಾಯಿ ತೆರೆದೆ. ನಿನ್ನಣ್ಣ ನನ್ನ ಕೈ ಮೇಲೆ ಕೈಯಿಟ್ಟು ತಾವೇ ಹೇಳಿದರು: ‘ತಂತಿ ಇಳಿಸಿದ ದಿನದಿಂದ ಡಾಕ್ಟ್ರೇ. ನನಗೆ ಗೊತ್ತಾಗಬಾರದು ಅಂತ ಇವರೆಲ್ಲ ಇಳಿಸಿದ್ರು. ನನಗೆ ಗೊತ್ತು ಅನ್ನೋದು ಇವರಿಗೆ ಗೊತ್ತಾಗಬಾರದು ಅಂತ ನಾನೂ ಒಪ್ಕೊಂಡೆ.’ ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಆಗಲೇ ಬಂದಿದ್ದರೆ ಸಣ್ಣ ಚಿಕಿತ್ಸೆಯಲ್ಲಿ ಮುಗಿಯುತ್ತಿತ್ತು ಎಂದರು. ಈಗ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ಕತ್ತಿನಲ್ಲಿ ಮಾಡುವ ತೂತಿನಿಂದ ಉಸಿರಾಡಬೇಕು. ಅಭ್ಯಾಸ ಮಾಡಿದರೆ ಹೇಗೋ ಮಾತು ಬರಬಹುದು. ಹಾಡು ಮಾತ್ರ ಇಲ್ಲ.

ಯೋಚಿಸು ಮರಿ. ನಾವು ಸುಮ್ಮನಿದ್ದಿದ್ದರೆ ಅವರ ಸ್ವರ ಮೊದಲ ಕಾರ್ಯಕ್ರಮದಲ್ಲೇ ಒಡೆಯುತ್ತಿತ್ತು, ನಾಲ್ಕು ಜನ ನಗುತ್ತಿದ್ದರು, ಅವಮಾನಕ್ಕಾದರೂ ಡಾಕ್ಟರ ಬಳಿ ಓಡುತ್ತಿದ್ದರು. ನಾವು ಆ ಅವಮಾನ ತಪ್ಪಿಸಿದೆವು. ಕಾಯಿಲೆ ಒಳಗೆ ಬೆಳೆಯುತ್ತಾ ಹೋದಷ್ಟೂ ತಂತಿ ಇಳಿಸಿ ಅದಕ್ಕೆ ಜಾಗ ಮಾಡಿಕೊಟ್ಟೆವು. ಕೂದಲೆಳೆಯಷ್ಟು ಅಪಸ್ವರವೂ ನನ್ನ ಕಿವಿಗೆ ತಪ್ಪುವುದಿಲ್ಲ ಎಂದು ಜಂಬ ಪಡುತ್ತಿದ್ದವಳು ನಾನು. ಅವರು ಒಬ್ಬರ ಮೇಲೂ ಸಿಟ್ಟು ಮಾಡಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ‘ಇನ್ನು ಮೇಲೆ ಜಗಳದಲ್ಲಿ ನೀನೇ ಗೆಲ್ತೀಯ ಬಿಡು’ ಎಂದು ತಮಾಷೆ ಮಾಡುತ್ತಾರೆ. ನನಗೆ ಗೆಲ್ಲುವುದು ಬೇಡ.

ನಿನ್ನ ಕತ್ತಲೆಯನ್ನು ಯಾರೂ ಕದಿಯಲಿಲ್ಲ. ನಮ್ಮದು ನಮ್ಮ ಮನೆಯೊಳಗೇ ಹುಟ್ಟಿತು. ನಿನ್ನ ಮಾತು ಕೇಳಿದ ದಿನ ಲೋಟ ತೊಳೆದು ಮುಗಿಸಿ ಬಂದು ಅವರು, ‘ಅವನು ಹೇಳಿದ್ದು ಸರಿಯಾಗೇ ಇದೆ. ಅವನ ಹಾಡು ಅರ್ಥ ಆಗೋಕೆ ನನಗೆ ಇಷ್ಟು ಬೇಕಾಯ್ತು’ ಎಂದರು. ಆ ಮಾತು ನಿನಗೆ ತಲುಪಿಸಬೇಕೆನ್ನಿಸಿತು. ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಅದು ನಿಮ್ಮಿಬ್ಬರ ವಿಚಾರ, ಒಂದೇ ತೊಟ್ಟಿಲಲ್ಲಿ ತೂಗಿಸಿಕೊಂಡವರ ಮಧ್ಯೆ ಬಾಯಿ ಹಾಕಲು ನಾನು ಯಾರು? ಮುಂದಿನ ವಾರ, ಶುಕ್ರವಾರ ಬೆಳಿಗ್ಗೆ ಆಪರೇಷನ್.

ಮೌನಿ ನಿನ್ನನ್ನು ಕೇಳಿದ್ದಾನೆ, ಅಂದರೆ ನಿನ್ನ ಹೆಸರು ಬಂದಾಗ ತಲೆಯೆತ್ತಿ ನೋಡಿದ. ಗುಡುಗ ಈ ಪತ್ರವನ್ನು ತಾನೇ ತಂದು ನಿನ್ನ ಕೈಗೆ ಕೊಡುತ್ತಾನೆ. ಬೈಯಬೇಡ ಅವನನ್ನು, ಒಳಗೊಳಗೇ ಕುಸಿದುಹೋಗಿದ್ದಾನೆ. ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ನೀನಾದರೂ ಚೆನ್ನಾಗಿರು, ನೂರು ವರ್ಷ ಬಾಳು.

ನಿನ್ನ
ಅತ್ತಿಗೆ

ತಾ.ಕ.: ಗುಡುಗ ಹೊರಗೆ ವ್ಯಾನಿನ ಹಾರ್ನ್ ಒತ್ತುತ್ತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಶುಕ್ರವಾರದೊಳಗೆ ಒಂದೇ ಒಂದು ಹಾಡು ರೆಕಾರ್ಡ್ ಮಾಡಬೇಕೆಂದು ನಿನ್ನಣ್ಣ ಕೂತಿದ್ದಾರೆ. ಡಾಕ್ಟರೂ ಬೇಡ ಎನ್ನಲಿಲ್ಲ. ನಿನ್ನ ಹಾಡು ಮರಿ, ಅವತ್ತಿನದು. ನೀನು ಅದನ್ನು ಎಷ್ಟು ಕೆಳಗೆ ಕಟ್ಟಿದ್ದೆಯೋ ಅಷ್ಟು ಕೆಳಗೆ ಅವರಿಗೆ ಇನ್ನೂ ಚೂರು ಸ್ವರ ಬರುತ್ತಿದೆ. ಬೆಳಗಿನಿಂದ ಮೂವರೂ ಅಭ್ಯಾಸ ಮಾಡುತ್ತಿದ್ದರು. ಮೊದಲ ಚರಣ ಅವರಿಗೆ ಬಾಯಿಪಾಠವಿದೆ, ಒಂದಕ್ಷರ ತಪ್ಪಿಲ್ಲ. ಅದು ಮುಗಿದ ಕೂಡಲೇ ಎಲ್ಲರೂ ನಿಂತುಬಿಡುತ್ತಾರೆ, ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಎರಡನೆಯ ಚರಣ ಒಬ್ಬರಿಗೂ ಗೊತ್ತಿಲ್ಲ. ಅವತ್ತು ನಿನ್ನನ್ನು ಅಲ್ಲಿಯವರೆಗೆ ಹಾಡಲು ಬಿಟ್ಟಿರಲಿಲ್ಲವಲ್ಲ. ವ್ಯಾನು ನಿನ್ನ ಅಂಗಡಿಯ ಮುಂದೆಯೇ ಕಾಯುತ್ತಿರುತ್ತದೆ. ಅದನ್ನು ಚೀಟಿಯಲ್ಲಿ ಬರೆದು ಗುಡುಗನ ಕೈಲಿ ಕಳಿಸಬೇಡ. ಬಾ.