ಗೂತಿ ಚಿಕ್ಕಪ್ಪನ ಅಂಗಡಿ ಮುಚ್ಚಿದ ದಿನ

ಓರಾನ್
೧೪ ಅಕ್ಟೋಬರ್ ೨೦೦೯

ಪ್ರೀತಿಯ ಲಖ್ದರ್,

ನೀನೂ ಮನೆಯವರೂ ಮಾರ್ಸೇಯಲ್ಲಿ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ರಂಜಾನಿಗೆ ಮುಂಚೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈದುಕೊಂಡೇ ಓದು, ಬೇಜಾರಿಲ್ಲ. ನನ್ನಾಕೆ ಬದ್ರಾಳ ಮೊಣಕಾಲು ನೋವು ಹಾಗೇ ಇದೆ. ಮಗಳಿಗೆ ಮಸ್ಕರಾ ಊರಿಗೆ ವರ್ಗವಾಯಿತು.

ಮುಖ್ಯ ಸುದ್ದಿ ಬೇರೆ. ಮ್ದೀನಾ ಜ್ದೀದಾ ಪೇಟೆಯ ಗೂತಿ ಚಿಕ್ಕಪ್ಪನ ರೆಕಾರ್ಡ್ ಅಂಗಡಿ ಮುಚ್ಚಿತು. ಅವನ ಮಗಳು ನಸೀಮಾ ಅದನ್ನು ಮೊಬೈಲ್ ರಿಪೇರಿಯವರಿಗೆ ಬಾಡಿಗೆಗೆ ಕೊಟ್ಟಿದ್ದಾಳೆ. ಕೊನೆಯ ದಿನ ಹಳೆ ಗಿರಾಕಿಗಳನ್ನೆಲ್ಲ ಕರೆದಿದ್ದಳು. ನಾನೂ ಹೋಗಿದ್ದೆ.

ಚಿಕ್ಕಪ್ಪ ಕುರ್ಚಿಯಲ್ಲಿ ಕೂತಿದ್ದ. ಕಾಲು ಸೋತಿವೆ, ನಾಲಿಗೆ ಸೋತಿಲ್ಲ. ನನ್ನನ್ನು ನೋಡಿದವನೇ, "ಏನೋ ಬೆನೌದಾ, ನಿನ್ನ ಜೋಡಿ ಎಲ್ಲಿ? ಕಡಲೆಹಿಟ್ಟಿನ ಕರಾಂತಿಕಾ ತಿಂದ ಎಣ್ಣೆ ಕೈಯಲ್ಲಿ ನನ್ನ ಮಾಲು ಮುಟ್ಟುತ್ತಿದ್ದನಲ್ಲ, ಅವನು?" ಅಂದ. ನೀನು ಫ್ರಾನ್ಸಿನಲ್ಲಿದ್ದೀಯ ಅಂದೆ. "ಅಲ್ಲಾದರೂ ಕೈ ತೊಳೀತಾನಾ?" ಅಂತ ಕೇಳಿದ.

ಅವನು ನಮ್ಮನ್ನು ಎಷ್ಟು ಸತಾಯಿಸುತ್ತಿದ್ದ, ನೆನಪಿದೆಯಾ? ಕೇಳಿದ್ದನ್ನು ಕೊಡುತ್ತಲೇ ಇರಲಿಲ್ಲ. "ಇದು ನಿನ್ನ ಕಿವಿಗೆ ಇನ್ನೂ ಬೇಡ, ಇದನ್ನು ಒಯ್ಯಿ, ಹಿಡಿಸದಿದ್ದರೆ ಬಂದು ಬಯ್ಯಿ" ಅನ್ನುತ್ತಿದ್ದ. ನಾವು ಬಯ್ಯಲು ಹೋಗಿದ್ದು ಕಡಿಮೆಯೇ.

ಗಲ್ಲಕ್ಕೆ ಕೈಯಿಟ್ಟ ಹೊಂಗೂದಲ ಹುಡುಗಿಯ ಚಿತ್ರವಿದ್ದ ಸಣ್ಣ ರೆಕಾರ್ಡನ್ನು ನೀನು ಮರೆತಿರಲಾರೆ. ಒಂದು ವಾರ ನಿನ್ನ ಮನೆಯಲ್ಲಿ, ಒಂದು ವಾರ ನನ್ನ ಮನೆಯಲ್ಲಿ ಇಟ್ಟುಕೊಂಡು, ಅವಳನ್ನು ಯಾರು ಮದುವೆಯಾಗುವುದು ಅಂತ ಜಗಳವಾಡಿದ್ದೆವು. ಆ ಹಾಡು ಹೇಳಿದವಳು ಅಂಗಡಿಗೆ ಬಂದಳು, ಲಖ್ದರ್.

ಹೆಸರು ರಹ್ಮೂನಾ. ಎಪ್ಪತ್ತು ದಾಟಿದೆ, ಬಿಳಿ ಹಾಯಿಕ್ ಹೊದ್ದ ದಪ್ಪ ಹೆಂಗಸು, ಜೊತೆಗೆ ಕಾಲೇಜು ಓದುವ ಮೊಮ್ಮಗಳು ಹನಾನ್. ಬಾಗಿಲಲ್ಲೇ ನಿಂತು, "ಗೂತಿ, ನನ್ನದೇನಾದರೂ ಉಳಿದಿದೆಯಾ?" ಅಂದಳು. ಚಿಕ್ಕಪ್ಪ ತಕ್ಷಣ ಗುರುತು ಹಿಡಿದ.

ಕಥೆ ಆಮೇಲೆ ತಿಳಿಯಿತು. ಹುಡುಗಿಯಾಗಿದ್ದಾಗ ಮದುವೆ ಮನೆಗಳಲ್ಲಿ ಹಾಡುತ್ತಿದ್ದಳಂತೆ. ಮನೆಯವರಿಗೆ ತಿಳಿಯದಂತೆ ಬೇರೆ ಹೆಸರಿನಲ್ಲಿ ಈ ಒಂದೇ ರೆಕಾರ್ಡು ಮಾಡಿದಳು. ಮಾನವಂತರ ಮನೆಯ ಹೆಣ್ಣಿನ ಮುಖವನ್ನು ಕವರಿನ ಮೇಲೆ ಹಾಕುವ ಹಾಗಿರಲಿಲ್ಲ. ಯಾವುದೋ ಫ್ರೆಂಚ್ ಸಾಬೂನಿನ ಜಾಹೀರಾತಿನಿಂದ ಆ ಹುಡುಗಿಯನ್ನು ಕತ್ತರಿಸಿ ಅಂಟಿಸಿದರು. ಮದುವೆಯಾದ ಮೇಲೆ ಗಂಡನಿಗೆ ಗೊತ್ತಾಗಿ, ಮನೆಯಲ್ಲಿದ್ದ ಪ್ರತಿಯನ್ನು ಮೊಣಕಾಲಿಗಿಟ್ಟು ಮುರಿದನಂತೆ. ಆಮೇಲೆ ಅವಳು ಹಾಡಲಿಲ್ಲ. ಗಂಡ ಹೋದ ವರ್ಷ ತೀರಿಕೊಂಡ.

ಚಿಕ್ಕಪ್ಪ ನಸೀಮಾಳಿಗೆ ಮೇಲಿನ ಕಪಾಟು ತೋರಿಸಿದ. ರೆಕಾರ್ಡು ಸಿಕ್ಕಿತು. ತೋಳಿನಿಂದ ಧೂಳು ಒರೆಸಿ ತಾನೇ ಮುಳ್ಳು ಇಳಿಸಿದ. ಟೀ ತಂದವನು ತಟ್ಟೆ ಹಿಡಿದು ಹಾಗೇ ನಿಂತ. ರಹ್ಮೂನಾ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು.

ಮುಗಿದಾಗ ಹನಾನ್, "ಅಜ್ಜಿ, ಇದು ನೀನಾ? ನಿಜವಾಗಲೂ ನೀನೇನಾ?" ಅಂತ ಅವಳ ಭುಜ ಹಿಡಿದು ಅಲ್ಲಾಡಿಸಿದಳು.

"ಮತ್ತೆ ಈ ಸಾಬೂನಿನವಳಾ?" ಅಂದಳು ಮುದುಕಿ. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುತ್ತಲೇ ನೆಲಕ್ಕೆ ಕುಸಿದು ಕೂತು ಅತ್ತಳು. ಹನಾನ್ ಪಕ್ಕದಲ್ಲಿ ಕೂತಳು. ಅತ್ತು ಮುಗಿದ ಮೇಲೆ ಮುದುಕಿ, "ಇನ್ನೊಂದು ಮಗ್ಗುಲೂ ಹಾಕು ಗೂತಿ, ಅದನ್ನು ಇನ್ನೂ ಚೆನ್ನಾಗಿ ಹೇಳಿದ್ದೆ" ಅಂದಳು. ಹಾಕಿದ. ಸಂಜೆ ನಸೀಮಾ ಬಾಗಿಲು ಎಳೆದಳು. ಚಿಕ್ಕಪ್ಪ ತಿರುಗಿ ನೋಡಲಿಲ್ಲ, ಟ್ಯಾಕ್ಸಿ ಹತ್ತಿಸಿ ಅಂದ, ಅಷ್ಟೇ.

ಮಕ್ಕಳಿಗೆ ನನ್ನ ಆಶೀರ್ವಾದ. ದೇವರು ನಿನ್ನ ಮನೆಯ ದೀಪ ಬೆಳಗಿಸುತ್ತಿರಲಿ.

ನಿನ್ನ
ಬೆನೌದಾ

ಮರೆತಿದ್ದೆ: ರಹ್ಮೂನಾಳ ದನಿ ಈಗ ಕೇಳಿದಾಗ ಹೇಗನ್ನಿಸಿತು ಅಂತ ನೀನು ಕೇಳಿಯೇ ಕೇಳುತ್ತೀಯ. ನನಗೆ ಗೊತ್ತಿಲ್ಲ. ಹೋದ ಚಳಿಗಾಲದ ಜ್ವರದಲ್ಲಿ ನನ್ನ ಕಿವಿ ಕೆಟ್ಟಿತು. ಯಂತ್ರ ಹಾಕಿಕೊಂಡರೆ ಹತ್ತಿರದ ಮಾತು ತಿಳಿಯುತ್ತದೆ. ಹಾಡು ಮಾತ್ರ ತಗಡಿನ ಮೇಲೆ ಮರಳು ಸುರಿದ ಹಾಗೆ, ಯಾವ ಹಾಡಾದರೂ ಅಷ್ಟೇ. ಡಾಕ್ಟರು ಇದು ಸರಿಹೋಗುವುದಿಲ್ಲ ಅಂದಿದ್ದಾರೆ. ಬದ್ರಾಳಿಗೆ ಹಾಡಿನ ವಿಷಯ ಹೇಳಿಲ್ಲ. ಸಂಜೆ ಅವಳು "ಒಂದು ಹಾಕಿ" ಅನ್ನುತ್ತಾಳೆ, ನಾನು ಹಾಕಿ ತಲೆದೂಗುತ್ತಾ ಕೂರುತ್ತೇನೆ. ಮೊನ್ನೆ ರೆಕಾರ್ಡು ಯಾವಾಗಲೋ ಮುಗಿದಿತ್ತು, ನಾನು ತಲೆದೂಗುತ್ತಲೇ ಇದ್ದೆ. ಅವಳು ಆ ಮೊಣಕಾಲಿನಲ್ಲೇ ಎದ್ದು ಬಂದು ಮುಳ್ಳು ಎತ್ತಿಟ್ಟಳು. ನನ್ನ ಪಕ್ಕದಲ್ಲಿ ಕೂತು ತಾನೂ ತಲೆದೂಗತೊಡಗಿದಳು.