ಕೈ ಹಿಡಿಯಲು ಬಂದವಳು

ಕಾಪು, ೯ ನವೆಂಬರ್ ೧೯೮೧

ಬೆಳಿಗ್ಗೆ ಐದನೆಯ ಕ್ಲಾಸಿನ ಹುಡುಗಿಯರಿಗೆ ಹೇನಿನ ಮದ್ದು. ಶಾಲೆಯ ನರ್ಸ್ ಕೋಣೆಯಲ್ಲಿ ಟಿಂಚರ್ ಮುಗಿದಿದೆ. ಹೆಡ್‌ಮಾಸ್ಟರಿಗೆ ಮತ್ತೆ ಹೇಳಿದೆ. "ನೋಡುವ ಸಿಸ್ಟರ್" ಅಂದರು. ಈ ದೇಶವೇ "ನೋಡುವ" ಎಂಬ ಮೂರಕ್ಷರದ ಮೇಲೆ ನಿಂತಿದೆ.

ಇಂಟರ್‌ವಲ್ಲಿನಲ್ಲಿ ಗೇಟಿನ ಕಡೆಯಿಂದ ಕಿರುಚಾಟ. ಹುಚ್ಚುನಾಯಿ. ಆರನೆಯ ಕ್ಲಾಸಿನ ಆಸ್ಯಾಳ ಕಾಲಿಗೆ ಕಚ್ಚಿದೆ. ಜೊತೆಗಿದ್ದ ಜೆಸ್ಸಿ ಪುಸ್ತಕದ ಚೀಲದಲ್ಲಿ ಹೊಡೆದು ಬಿಡಿಸಿದಳಂತೆ. ಆಮೇಲೆ ಪ್ಯೂನ್ ಕಿಟ್ಟ ದೊಣ್ಣೆ ತಂದು ನಾಯಿಯನ್ನು ಮುಗಿಸಿದ. ಅದರ ಬಾಯಿ ತುಂಬ ನೊರೆ.

ಸೋಪು ಹಾಕಿ ಗಾಯ ತೊಳೆದೆ. ನೀರು ಹೊಯ್ದದ್ದು ಜೆಸ್ಸಿ. ಅರ್ಧ ನೆಲಕ್ಕೇ ಚೆಲ್ಲಿದಳು.

"ನಿನಗೆ ಎಂತ ಆಗಲಿಲ್ಲ ಅಲ್ವಾ?"

"ಇಲ್ಲ ಸಿಸ್ಟರ್." ಇನ್ನೊಂದು ಚೊಂಬು ಹೊಯ್ದಳು.

ಸಂಜೆ ಆಸ್ಯಾಳ ಮನೆಗೆ. ಅಜ್ಜಿ ಕುಂಞಿಪಾತುಮ್ಮ ಯಾರೋ ಕೊಡುವ ಬೇರಿನ ಮದ್ದು ಸಾಕು ಅಂದರು. ನಾನು ಚೀಲದಿಂದ ಆರೋಗ್ಯದ ಕಿರುಪುಸ್ತಕ ತೆಗೆದು ಗಟ್ಟಿಯಾಗಿ ಓದಿದೆ.

"ಹೊಟ್ಟೆಗೆ ಹದಿನಾಲ್ಕು ಸೂಜಿಯಾ? ನಾಯಿ ಒಂದೇ ಸಲ ಕಚ್ಚಿದ್ದು ಮಗಳೇ!"

"ಅಜ್ಜಿ, ಆ ರೋಗ ಬಂದರೆ ನೀರು ಕಂಡ ಕೂಡಲೇ ಗಂಟಲು ಬಿಗಿಯುತ್ತದೆ. ಒಂದು ಗುಟುಕು ಇಳಿಯುವುದಿಲ್ಲ. ಆಮೇಲೆ ಯಾವ ಡಾಕ್ಟರಿಂದಲೂ ಆಗುವುದಿಲ್ಲ. ಬರುವ ಮೊದಲೇ ಚುಚ್ಚಬೇಕು."

ಅಜ್ಜಿ ಆಸ್ಯಾಳ ಕಾಲಿನ ಪಟ್ಟಿಯನ್ನು ಮುಟ್ಟಿ ನೋಡಿದರು. ಕೊನೆಗೆ — "ನಾಳೆ ಎಷ್ಟು ಗಂಟೆಯ ಬಸ್ಸು?"

ಗೆದ್ದೆ. ಬಸ್ಸಿನ ದುಡ್ಡನ್ನೂ ಅವರೇ ಕೊಡುತ್ತಾರಂತೆ.

೧೦ ನವೆಂಬರ್

ಉಡುಪಿ ಆಸ್ಪತ್ರೆ. ಸೂಜಿ ನೋಡಿ ಆಸ್ಯಾ ಟೇಬಲ್ಲಿನಿಂದ ಇಳಿದು ಓಡಿದಳು. ಹಿಡಿದು ತಂದದ್ದು ಜೆಸ್ಸಿ. ಯಾರೂ ಕರೆಯದೆ, ತಾನಾಗಿ ಬಂದವಳು.

"ಆಸ್ಯಾ, ನೋವಾದರೆ ನನ್ನ ಕೈ ಕಚ್ಚು."

"ಕಚ್ಚಿದರೆ ನಿನಗೂ ಹದಿನಾಲ್ಕು ಉಂಟು ಮಾರಾಯ್ತಿ!"

ಅಳುತ್ತಲೇ ಹೇಳಿದಳು. ಅಜ್ಜಿ, ನಾನು, ಕಂಪೌಂಡರು — ಎಲ್ಲರೂ ನಕ್ಕೆವು. ಜೆಸ್ಸಿ ಮಾತ್ರ ಸೂಜಿಯನ್ನೇ ನೋಡುತ್ತಿದ್ದಳು.

೧೪ ನವೆಂಬರ್

ಮಕ್ಕಳ ದಿನಾಚರಣೆ. ಲಾಡು, ಭಾಷಣ. ಹೆಡ್‌ಮಾಸ್ಟರ್ ನನಗೂ ಎರಡು ಮಾತಾಡಲು ಹೇಳಿದರು. ಬಿಡುತ್ತೇನೆಯೇ!

"ಭಯವೇ ಮೊದಲ ರೋಗ" ಅಂದೆ. ಕಿರುಪುಸ್ತಕದ ಮೊದಲ ಸಾಲು. "ಈ ಶಾಲೆಯಲ್ಲಿ ಆ ರೋಗ ಇಲ್ಲದವಳು ಒಬ್ಬಳು ಇದ್ದಾಳೆ." ಜೆಸ್ಸಿಯನ್ನು ಕರೆದು ವೇದಿಕೆಯ ಮೇಲೆ ನಿಲ್ಲಿಸಿದೆ. ಚಪ್ಪಾಳೆಯೋ ಚಪ್ಪಾಳೆ. ಅವಳ ತಾಯಿ ಬರ್ತಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಜೆಸ್ಸಿ ಬಗ್ಗಿ ಕಾಲುಚೀಲ ಮೇಲೆಳೆದುಕೊಳ್ಳುತ್ತಿದ್ದಳು. ಎಷ್ಟು ನಾಚಿಕೆ ಹುಡುಗಿಗೆ!

೨೪ ನವೆಂಬರ್

ನಿನ್ನೆ ಕೊನೆಯ ಇಂಜೆಕ್ಷನ್. ಇವತ್ತು ಆಸ್ಯಾ ನನ್ನ ಕೋಣೆಗೆ ಬಂದು ಹೊಟ್ಟೆ ಬಡಿದು ತೋರಿಸಿದಳು. "ಚೆಂಡೆಯ ಹಾಗೆ ಆಗಿದೆ ಸಿಸ್ಟರ್!" ಅಜ್ಜಿ ಅಕ್ಕಿರೊಟ್ಟಿ, ಕೋಳಿ ಸಾರು ಕಳಿಸಿದ್ದರು. ಜೆಸ್ಸಿಯನ್ನೂ ಕರೆದು ಮೂವರೂ ಕೂತು ತಿಂದೆವು. ಈ ಕೆಲಸಕ್ಕೆ ಬಂದದ್ದು ಇದಕ್ಕೇ.

ಜೆಸ್ಸಿ ಒಂದೇ ರೊಟ್ಟಿ ತಿಂದಳು.

೩ ಡಿಸೆಂಬರ್

ಬರೆಯಲು ಕೈ ಬರುತ್ತಿಲ್ಲ.

ಮಧ್ಯಾಹ್ನ ಜೆಸ್ಸಿ ತಲೆನೋವು ಅಂತ ಬಂದಳು. ಮಾತ್ರೆ ಕೊಟ್ಟೆ. ಹೋಗಲಿಲ್ಲ.

"ಸಿಸ್ಟರ್, ಒಬ್ಬರಿಗೆ ನಾಯಿ ಕಚ್ಚಿ... ಅವರು ಹೇಳದಿದ್ದರೆ... ಎಷ್ಟು ದಿವಸದ ಮೇಲೆ ತಡ ಆಗ್ತದೆ?"

"ಯಾರಿಗೆ?"

ಕಾಲುಚೀಲ ಇಳಿಸಿದಳು. ಹಿಮ್ಮಡಿಯ ಮೇಲೆ ಎರಡು ಗುರುತು. ಒಣಗಿವೆ. ಅದೇ ನಾಯಿ, ಅದೇ ಗಳಿಗೆ.

"ಯಾಕೆ ಹೇಳಲಿಲ್ಲ ಜೆಸ್ಸಿ? ಯಾಕೆ?"

"ಮೊದಲು ಸೂಜಿಗೆ ಹೆದರಿಕೆ ಆಯಿತು. ಮತ್ತೆ ನೀವು ಎಲ್ಲರ ಎದುರು ನನಗೆ ಹೆದರಿಕೆಯೇ ಇಲ್ಲ ಅಂದಿರಿ..." ನನ್ನ ಮುಖ ನೋಡಿ ಅವಳೇ ಸಮಾಧಾನ ಹೇಳತೊಡಗಿದಳು. "ಆ ದಿನ ಮನೆಯ ಬಾವಿಕಟ್ಟೆಯಲ್ಲಿ ತೊಳೆದೆ ಸಿಸ್ಟರ್. ನೀವು ಆಸ್ಯಾಳಿಗೆ ತೊಳೆದ ಹಾಗೆಯೇ. ಸೋಪು ಹಾಕಿ."

೪ ಡಿಸೆಂಬರ್

ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ತಡ ಆಗಿದೆ. ಆದರೂ ಶುರು ಮಾಡುವ. ಉಳಿದದ್ದು ಹೇಳ್ಲಿಕ್ಕೆ ಬರುವುದಿಲ್ಲ."

ಬರ್ತಾಬಾಯಿ ನನ್ನ ಕಡೆ ನೋಡಲೇ ಇಲ್ಲ. ಜಪಸರ ತಿರುಗಿಸುತ್ತ ಒಂದೇ ಮಾತು — "ಮನೆಯಲ್ಲಿ ನನಗೆ ಸಹ ಹೇಳ್ಲಿಲ್ಲ ಸಿಸ್ಟರ್. ನೀವು ಅಷ್ಟು ಹೊಗಳಿದ್ರಲ್ಲ."

ಟೇಬಲ್ಲಿನ ಮೇಲೆ ಜೆಸ್ಸಿ ಹಲ್ಲು ಕಚ್ಚಿ ಮಲಗಿದ್ದಳು. ನನಗೋಸ್ಕರ. ಆಸ್ಯಾ ಅವಳ ಕೈ ಹಿಡಿದು ಬಗ್ಗಿದಳು.

"ಅಳು ಮಾರಾಯ್ತಿ. ನಾನು ಕಿರುಚಿದ್ದು ಬಸ್‌ಸ್ಟ್ಯಾಂಡಿಗೆ ಕೇಳಿದೆ. ನೀನು ಸ್ವಲ್ಪ ಅತ್ತರೆ ಎಂತ ಹೋಗ್ತದೆ?"

ಜೆಸ್ಸಿ ಅತ್ತಳು. ನಾನು ಹೇಳಬೇಕಾಗಿದ್ದ ಮಾತು ಅದು. ಯಾವ ಪುಸ್ತಕದಲ್ಲೂ ಓದಿರಲಿಲ್ಲ.

೬ ಡಿಸೆಂಬರ್

ಮೂರನೆಯ ಇಂಜೆಕ್ಷನ್. ಬಸ್ಸಿನಲ್ಲಿ ಅವಳು ಬಾಟಲಿಯಿಂದ ನೀರು ಕುಡಿಯುವಾಗ ಗಂಟಲನ್ನೇ ನೋಡುತ್ತಿದ್ದೆ. ಕಂಡುಹಿಡಿದಳು. "ಇಳಿಯಿತು ಸಿಸ್ಟರ್" ಅಂದಳು.

ಬೇಡಿಕೊಳ್ಳಬೇಕು ಅನಿಸುತ್ತದೆ. ಯಾರನ್ನು? ದೇವರಿಲ್ಲ ಎಂದು ಇಷ್ಟು ವರ್ಷ ಊರಿಡೀ ವಾದ ಮಾಡಿದವಳು.

೮ ಡಿಸೆಂಬರ್, ಬೆಳಿಗ್ಗೆ, ಆಸ್ಪತ್ರೆ

ನಿನ್ನೆಯಿಂದ ಜ್ವರ. ಅಡ್ಮಿಟ್ ಮಾಡಿದ್ದಾರೆ. ಕಾಲಿನ ಗುರುತಿನ ಹತ್ತಿರ ಜುಮ್ ಅನ್ನುತ್ತದಂತೆ. "ಸೂಜಿಯಿಂದಲೂ ಜ್ವರ ಬರ್ತದೆ" ಅನ್ನುತ್ತಾರೆ ಡಾಕ್ಟರ್. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಎದ್ದ ಮೇಲೆ ನೀರು ಕೊಟ್ಟು ನೋಡಿ ಅಂದಿದ್ದಾರೆ.

ಮಲಗಿದ್ದಾಳೆ. ನಿನ್ನೆ ಸಂಜೆಯಿಂದ ಒಂದು ಗುಟುಕೂ ಕುಡಿದಿಲ್ಲ — ಬೇಡ, ಬೇಡ ಅಂದಳು. ಬಾಯಿ ರುಚಿ ಇಲ್ಲದ್ದಕ್ಕೋ... ಬರ್ತಾಬಾಯಿ ಇಗರ್ಜಿಗೆ ಪ್ರಾರ್ಥನೆಗೆ ಹೋಗಿದ್ದಾರೆ. ಆಸ್ಯಾ ಸ್ಟೂಲಿನ ಮೇಲೆ, ಜೆಸ್ಸಿಯ ಕೈ ಬಿಡದೆ. ಶಾಲೆಗೆ ಹೋಗು ಅಂದರೆ, "ಅವಳು ನನ್ನನ್ನು ಬಿಟ್ಟು ಹೋದಳಾ?" ಅನ್ನುತ್ತಾಳೆ.

ಸ್ಟೀಲ್ ಲೋಟದಲ್ಲಿ ನೀರು ತುಂಬಿಸಿ ಇಟ್ಟಿದ್ದೇನೆ. ನೊಣ ಕೂರದ ಹಾಗೆ ಮೇಲೆ ಕಿರುಪುಸ್ತಕ ಮುಚ್ಚಿದ್ದೇನೆ. ಸದ್ಯಕ್ಕೆ ಅದರಿಂದ ಆಗುವುದು ಇಷ್ಟೇ.

ಅಲುಗಾಡಿದಳು. ಕಣ್ಣು ಬಿಟ್ಟಳು. ಆಸ್ಯಾ ಕೇಳುತ್ತಿದ್ದಾಳೆ, "ನೀರು ಬೇಕಾ ಜೆಸ್ಸಿ?"

ಹೂಂ ಅಂತ ತಲೆ ಆಡಿಸಿದಳು. ನನ್ನ ಕೈಗೆ ಆಗುತ್ತಿಲ್ಲ. ಆಸ್ಯಾಳೇ ಲೋಟ ಎತ್ತಿದಳು. ಜೆಸ್ಸಿ ಎದ್ದು ಕೂತು ಎರಡೂ ಕೈ ಚಾಚಿ ಲೋಟ ಹಿಡಿದಳು. ಅವಳ ಗಂಟಲು ನೋಡಲು ಪೆನ್ನು ಕೆಳಗಿಡುತ್ತೇನೆ.