ಕಂಬಳಿ ಪಾಠ

ಚಳ್ಳಕೆರೆ,
೨೩ ಮಾರ್ಚ್ ೧೯೯೯, ಮಂಗಳವಾರ ಸಂಜೆ

ಪ್ರೀತಿಯ ತಂಗಿ ಗಂಗಲಕ್ಷ್ಮಿಗೆ,

ನಿನ್ನ ಅಣ್ಣ ಮಾಡುವ ಆಶೀರ್ವಾದ. ಹೇಗಿದ್ದೀಯ? ಕೆಮ್ಮು ನಿಂತಿತಾ? ಹಾಸ್ಟೆಲ್ಲಿನಲ್ಲಿ ಮುದ್ದೆ ಸಿಗುವುದಿಲ್ಲ ಅಂತ ಬರೆದಿದ್ದೀಯ. ಪಠ್ಯಪುಸ್ತಕ ಬರೆಯುವವರಿಗೆ ಚಪಾತಿ ಸಾಕು ಅಂತ ಮೇಲಿನವರು ತೀರ್ಮಾನಿಸಿರಬೇಕು. ಬಿಸಿನೀರು ಕುಡಿ, ರಾತ್ರಿ ಕಿಟಕಿ ಹಾಕಿಕೊಂಡು ಮಲಗು. ಇಲ್ಲಿ ಅವ್ವ ಆರಾಮಾಗಿದ್ದಾಳೆ. ಮಂಡಿನೋವು ಇದ್ದದ್ದೇ, ಆದರೆ ಅದನ್ನು ಬೈಯುವಷ್ಟು ಶಕ್ತಿ ಇನ್ನೂ ಇದೆ. ಬಿಸಿಲು ಈಗಲೇ ತಾರು ಕರಗಿಸುತ್ತಿದೆ. ಊರೆಲ್ಲ ಶಪಿಸುವ ಬಿಸಿಲನ್ನು ಕಂಡರೆ ಮುಖ ಅರಳುವವನು ಈ ಊರಿನಲ್ಲಿ ನಾನೊಬ್ಬನೇ. ಐಸ್ ಫ್ಯಾಕ್ಟರಿ ಇಟ್ಟವನಿಗೆ ಬೇರೆ ಹಬ್ಬ ಯಾವುದು? ಕರೆಂಟು ಮಾತ್ರ ಬಂದು ಮುಖ ತೋರಿಸಿ ಹೋಗುವ ನೆಂಟನ ಹಾಗೆ. ಕಂಪ್ರೆಸರ್ ಮತ್ತೆ ಕೆಮ್ಮುತ್ತಿದೆ, ನಿನಗಿಂತ ಜಾಸ್ತಿ. ನಮ್ಮ ಮೆಕ್ಯಾನಿಕ್ ಇಫ್ತಿಕಾರ್ ಅದರ ಸಾಮಾನು ತರಲು ನಾಳೆ ಬೆಂಗಳೂರಿಗೆ ಬರುತ್ತಾನೆ. ಈ ಪತ್ರವನ್ನು ಅವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ.

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಎಂಟನೇ ಕ್ಲಾಸಿನ ಹೊಸ ವಿಜ್ಞಾನ ಪುಸ್ತಕಕ್ಕೆ ನೀನು ಬರೆದ ಕಂಬಳಿ-ಐಸಿನ ಪಾಠವನ್ನು ಸಮಿತಿಯವರು ತೆಗೆಯಬೇಕು ಅನ್ನುತ್ತಿದ್ದಾರಂತೆ. ಹಳ್ಳಿ ಶಾಲೆಗೆ ಐಸ್ ಎಲ್ಲಿಂದ ತರುವುದು ಅಂತ ಒಬ್ಬರು, ಮಕ್ಕಳು ಹೇಗೂ ತಪ್ಪು ಉತ್ತರವನ್ನೇ ಹೇಳುತ್ತಾರೆ, ಒಂದು ಪೀರಿಯಡ್ ದಂಡ ಅಂತ ಇನ್ನೊಬ್ಬರು. ಅದರ ಬದಲು ಎರಡು ಸಾಲಿನ ವ್ಯಾಖ್ಯೆ, ಒಂದು ಥರ್ಮಾಸಿನ ಚಿತ್ರ. ಬುಧವಾರ ಮಧ್ಯಾಹ್ನ ಕೊನೆಯ ಮೀಟಿಂಗು. "ಹೋಗಲಿ ಬಿಡೋಣ ಅನ್ನಿಸುತ್ತಿದೆ ಅಣ್ಣಾ" ಅಂತ ಕೊನೆಗೆ ಬರೆದಿದ್ದೀಯ. ಆ ಸಾಲು ಓದಿಯೇ ಈ ಪತ್ರ ಬರೆಯಲು ಕೂತೆ. ಓದಿದ್ದು ಏಳನೇ ಕ್ಲಾಸಿನವರೆಗೆ, ವಿಜ್ಞಾನದ ಬಗ್ಗೆ ಮಾತಾಡಲು ನನಗೇನು ಅರ್ಹತೆ ಅಂತ ನೀನು ಕೇಳುವುದಿಲ್ಲ, ನಿನ್ನ ಸಮಿತಿ ಕೇಳಬಹುದು. ಆದರೆ ಆ ಪಾಠ ನಡೆದಾಗ ಐಸ್ ತಂದವನು ನಾನೇ ತಾನೆ?

ನೆನಪಿದೆಯಾ? ಆಗ ನಾನು ರಾಯದುರ್ಗದಿಂದ ಐಸ್‌ಕ್ಯಾಂಡಿ ತಂದು ದೇವಸಮುದ್ರದ ಹೈಸ್ಕೂಲ್ ಗೇಟಿನ ಮುಂದೆ ಸೈಕಲ್ ನಿಲ್ಲಿಸುತ್ತಿದ್ದೆ. ತೆಲುಗಿನಲ್ಲಿ ಕೊಂಡು ಕನ್ನಡದಲ್ಲಿ ಮಾರುವ ವ್ಯಾಪಾರ. ನೀನು ಒಳಗೆ ಎಂಟನೇ ಕ್ಲಾಸು, ನಾನು ಹೊರಗೆ ಬೇವಿನ ಮರದಡಿ. ಒಂದು ದಿನ ಮುರುಗೇಂದ್ರಪ್ಪ ಮೇಷ್ಟ್ರು ಕಿಟಕಿಯಿಂದಲೇ ಕೂಗಿ, ಡಬ್ಬಿಯ ತಳದಲ್ಲಿದ್ದ ಐಸ್ ಗಡ್ಡೆ ಹಿಡಿದುಕೊಂಡು ಒಳಗೆ ಬಾ ಅಂದರು. ನಾನು ಚಪ್ಪಲಿ ಬಾಗಿಲಲ್ಲೇ ಬಿಟ್ಟು ಹೋದೆ. ಹೈಸ್ಕೂಲಿನ ಒಳಗೆ ಕಾಲಿಟ್ಟಿದ್ದು ಅದೇ ಮೊದಲು. ಗಡ್ಡೆಯನ್ನು ಸರಿಯಾಗಿ ಎರಡು ಮಾಡಿಸಿದರು. ಒಂದನ್ನು ಸ್ಟೀಲ್ ಡಬ್ಬಿಗೆ ಹಾಕಿದರು. ಇನ್ನೊಂದಕ್ಕೆ ಕಂಬಳಿ ಬೇಕು ಅಂದಾಗ ಅಪ್ಪನ ಕಂಬಳಿ ತರಲು ನೀನೇ ಓಡಿದೆ. ಅಪ್ಪ ಕುರಿ ಬಿಟ್ಟು ನೆರಳಲ್ಲಿ ಕೂತಿದ್ದವನು ಯಾಕೆ ಏನು ಅಂತ ಕೇಳದೆ ಹೆಗಲಿನಿಂದ ತೆಗೆದು ಕೊಟ್ಟನಂತೆ.

ಯಾವುದು ಮೊದಲು ಕರಗುತ್ತದೆ ಅಂತ ಮೇಷ್ಟ್ರು ಕೇಳಿದರು. ಇಡೀ ಕ್ಲಾಸು ಒಂದೇ ಉಸಿರಿಗೆ ಕಂಬಳಿಯದು ಅಂದಿತು. ಕುರಿ ಕಾಯುವವರ ಮಕ್ಕಳು ನಾವು. ಹೊದ್ದರೆ ಬೆವರುತ್ತದೆ ಅನ್ನುವುದು ಮೈಗೇ ಗೊತ್ತು. ನಿನ್ನ ದನಿಯೇ ಎಲ್ಲರಿಗಿಂತ ಜೋರು: "ಸಾ, ಕಂಬಳಿ ಬಿಸಿ ಐತೆ ಸಾ." ಬಾಗಿಲ ಹತ್ತಿರ ನಿಂತಿದ್ದ ನಾನೂ ಮನಸ್ಸಿನಲ್ಲೇ ಹೌದು ಅಂದೆ. ದಿನಾ ಐಸಿಗೆ ಗೋಣಿಚೀಲ ಸುತ್ತುವವನು ನಾನು! ಆದರೆ ನನ್ನ ತಲೆಯಲ್ಲಿ ಗೋಣಿ ತಂಪಿನ ಜಾತಿ, ಕಂಬಳಿ ಬಿಸಿಯ ಜಾತಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಹುದು ಅಂತ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಮೇಷ್ಟ್ರು ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ. ಬೋರ್ಡಿನ ಮೇಲೆ ಬೇರೇನೋ ಲೆಕ್ಕ ಬರೆದು ಅದನ್ನು ಮಾಡಿ ಅಂದರು. ಲೆಕ್ಕ ಮಾಡುವವರ ಕಣ್ಣೆಲ್ಲ ಕಂಬಳಿಯ ಮೇಲೆ. ಹೊರಗೆ ನನ್ನ ಕ್ಯಾಂಡಿ ಕರಗುತ್ತಿತ್ತು, ನಾನು ಕದಲಲಿಲ್ಲ.

ಗಂಟೆ ಹೊಡೆಯುವ ಮೊದಲು ಬಿಚ್ಚಿದರು. ಡಬ್ಬಿಯಲ್ಲಿ ನೀರು, ಅದರಲ್ಲಿ ತೇಲುವ ಒಂದು ಚೂರು. ಕಂಬಳಿಯಲ್ಲಿ ಐಸು ಇಟ್ಟ ಹಾಗೇ ಕೂತಿತ್ತು, ಅಂಚು ಮಾತ್ರ ದುಂಡಗಾಗಿತ್ತು. ಆಗ ನೀನು ಎದ್ದು ನಿಂತು ನನ್ನ ಕಡೆ ಬೆರಳು ತೋರಿಸಿದೆ: "ನಮ್ಮಣ್ಣ ಏನೋ ಮಾಡ್ಯಾನೆ ಸಾ. ಡಬ್ಬಿಗೆ ಉಪ್ಪು ಹಾಕ್ಯಾನೆ." ಒಡಹುಟ್ಟಿದವಳ ನಂಬಿಕೆ ಅಂದರೆ ಅದು. ಎಲ್ಲರೂ ನಕ್ಕರು, ಮೇಷ್ಟ್ರು ನಗಲಿಲ್ಲ. ಅವರು ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ: "ನನ್ನ ಮಾತೂ ನಂಬಬ್ಯಾಡ ಕಣಮ್ಮ. ನಾಳೆ ಇನ್ನೊಂದ್ಸಲ ಮಾಡು, ನೀನೇ ಕಾವಲು ಕೂತ್ಕೋ." ಮಾರನೇ ದಿನ ನೀನು ನನ್ನನ್ನು ಗಡ್ಡೆಯ ಹತ್ತಿರಕ್ಕೂ ಬಿಡಲಿಲ್ಲ. ಮತ್ತೆ ಹಾಗೇ ಆಯಿತು. ಅವತ್ತು ಮೇಷ್ಟ್ರು ಬಾಯಿ ಬಿಟ್ಟರು: ಕಂಬಳಿಯಲ್ಲಿ ಬಿಸಿ ಇಲ್ಲ, ಬಿಸಿ ನಿಮ್ಮ ಮೈಯದು. ಕಂಬಳಿ ಅದನ್ನು ಸುಲಭಕ್ಕೆ ದಾಟಲು ಬಿಡುವುದಿಲ್ಲ, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ. ಸಂಜೆ ನೀನು ಇದನ್ನು ಅಪ್ಪನಿಗೆ ಒಪ್ಪಿಸಿದಾಗ ಅವನು ಬೀಡಿ ಆರುವವರೆಗೂ ಯೋಚಿಸಿದ. ಆಮೇಲೆ, "ಅದಕ್ಕೇ ಏನು ಉರಿಬಿಸಿಲಿಗೂ ತಲೆ ಮ್ಯಾಲೆ ಹಾಕ್ಕಂತೀವಿ" ಅಂದು ನಕ್ಕ. ಹುಟ್ಟಿದಾಗಿನಿಂದ ಹೊದ್ದವನಿಗೂ ಅವತ್ತೇ ಗೊತ್ತಾಗಿದ್ದು. ಆ ನಗು ಅವನ ಮುಖದ ಮೇಲೆ ನಾನು ಹೆಚ್ಚು ಸಲ ನೋಡಿಲ್ಲ.

ಆ ಎರಡು ದಿನದ ಕ್ಯಾಂಡಿ ನೀರಾಯಿತು. ಆದರೆ ನನ್ನ ಬದುಕಿನ ಲಾಭದ ಕಡೆ ಮೊದಲ ಸಾಲು ಅದೇ. ಮುಂದಿನ ವಾರವೇ ಡಬ್ಬಿಗೆ ಹಳೇ ಕಂಬಳಿ ಹೊಲಿಸಿದೆ. ಮೊಳಕಾಲ್ಮುರು ಸಂತೆಯವರೆಗೂ ಕ್ಯಾಂಡಿ ಗಟ್ಟಿಯಾಗಿ ಹೋಗತೊಡಗಿತು. ನೀನು ವಿಜ್ಞಾನದ ಟೀಚರ್ ಆದೆ, ನಾನು ಐಸಿನವನಾದೆ. ಒಂದೇ ಪೀರಿಯಡ್ಡಿನಲ್ಲಿ ಇಬ್ಬರು ದಡ ಸೇರಿದೆವು. ಅದನ್ನು ದಂಡ ಅನ್ನುವವರ ಲೆಕ್ಕ ನನಗೆ ಅರ್ಥವಾಗುವುದಿಲ್ಲ.

ಇನ್ನೊಂದು ಸಂಗತಿ ಕೇಳು. ಭಾನುವಾರ ನಿನ್ನ ಸೊಸೆ ಶಿಲ್ಪ ಪರೀಕ್ಷೆಗೆ ಓದುತ್ತಿದ್ದಳು. ಅವಳೂ ಈಗ ಎಂಟನೇ ಕ್ಲಾಸು. ಉಷ್ಣದ ಅವಾಹಕ ಅಂದರೇನು ಅಂತ ಕೇಳಿದೆ. ಕಣ್ಣು ಮುಚ್ಚಿ, ಉಸಿರು ಬಿಡದೆ ಒಪ್ಪಿಸಿದಳು. ಉದಾಹರಣೆ ಅಂದೆ. ಮರ, ಗಾಜು, ಉಣ್ಣೆ ಅಂದಳು. ಭೇಷ್, ಐಸಿಗೆ ಕಂಬಳಿ ಸುತ್ತಿದರೆ? ಪುಸ್ತಕದಿಂದ ತಲೆ ಎತ್ತದೆ ಹೇಳಿದಳು: "ಬೇಗ ಕರಗುತ್ತೆ ಅಪ್ಪ. ಕಂಬಳಿ ಬಿಸಿ ಅಲ್ವಾ?" ಐಸ್ ಫ್ಯಾಕ್ಟರಿಯವನ ಮಗಳು! ಆ ಪಾಠದ ಟೆಸ್ಟಿನಲ್ಲಿ ಅವಳಿಗೆ ಪೂರ್ತಿ ಮಾರ್ಕು ಬಂದಿತ್ತು. ನೀನು ಹೇಳಿದ ತಪ್ಪನ್ನೇ ಅವಳೂ ಹೇಳಿದಳು. ನಿನ್ನ ತಪ್ಪು ಎರಡು ದಿನದಲ್ಲಿ ಕಳಚಿತು. ಅವಳದು ಮಾರ್ಕಿನ ಅಡಿಯಲ್ಲಿ ಬೆಚ್ಚಗೆ ಮಲಗಿದೆ. ಮಕ್ಕಳು ತಪ್ಪು ಹೇಳುತ್ತಾರೆ ಅಂತ ಪಾಠ ತೆಗೆಯುವುದಾದರೆ, ಅದನ್ನು ಇಡಬೇಕಾದ ಕಾರಣವೂ ಅದೇ ಅಲ್ಲವೇನಮ್ಮ? ಐಸ್ ಸಿಗದ ಕಡೆ ಬಿಸಿನೀರಿನ ಚೊಂಬಿಗೆ ಕಂಬಳಿ ಸುತ್ತಲಿ. ಆದರೆ ಮೊದಲು ಕೇಳಲಿ, ಆಮೇಲೆ ಬಿಚ್ಚಲಿ.

ಉಳಿದಿದ್ದು ನಿನಗೇ ಬಿಟ್ಟಿದ್ದು. ಅವ್ವ ನಿನಗೆ ಹುರಿಗಡಲೆ ಉಂಡೆ ಕಳಿಸಿದ್ದಾಳೆ, ಇಫ್ತಿಕಾರನಿಗೂ ಎರಡು ಕೊಡು, ದಾರಿಯಲ್ಲಿ ಅವನು ತೆಗೆದುಕೊಂಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡ. ನಿನ್ನ ಅತ್ತಿಗೆ ಪಾಪಕ್ಕ, ಶಿಲ್ಪ ಇಬ್ಬರೂ ಕೇಳಿದ್ದಾರೆ. ಮೈ ನೋಡಿಕೋ. ನಿನ್ನ ಮಾತು ನಾಲ್ಕು ಜನರ ನಡುವೆ ನಿಲ್ಲಲಿ ಅಂತ ಹರಸುವ,

ನಿನ್ನ ಅಣ್ಣ,
ಬೊಮ್ಮಲಿಂಗಪ್ಪ

ತಾ.ಕ.: ಬುಧವಾರ ಬೆಳಿಗ್ಗೆ, ಬಸ್ ಸ್ಟ್ಯಾಂಡ್. ಇದನ್ನೇ ಮೊದಲು ಬರೆಯಬೇಕಿತ್ತು. ಇಫ್ತಿಕಾರನ ಹತ್ತಿರ ಇರುವ ಬಕೆಟ್ಟಿನಲ್ಲಿ ಉಂಡೆ ಇಲ್ಲ, ಬಿಚ್ಚಬೇಡ. ಅದರಲ್ಲಿ ಇರುವುದು ಐಸು, ಇಟ್ಟಿಗೆಯಷ್ಟು ಗಾತ್ರದ್ದು, ಅಪ್ಪನ ಕಂಬಳಿ ಸುತ್ತಿದ್ದೇನೆ. ಸ್ಟೀಲ್ ಡಬ್ಬಿಯಲ್ಲಿ ಅಷ್ಟೇ ಗಾತ್ರದ ಇನ್ನೊಂದು ಇದೆ, ಬರಿಯದು. ಎರಡನ್ನೂ ನೇರ ಮೀಟಿಂಗಿನ ಮೇಜಿನ ಮೇಲೆ ಇಡು. ಚಳ್ಳಕೆರೆಯಿಂದ ಬಸ್ಸಿನಲ್ಲಿ ಬಂದಿದೆ ಅನ್ನು, ಯಾವುದರಲ್ಲಿ ಏನು ಉಳಿದಿರಬಹುದು ಅಂತ ಒಬ್ಬೊಬ್ಬರನ್ನೂ ಕೇಳು, ಆಮೇಲೆ ಬಿಚ್ಚು. ಅಪ್ಪ ಹೋದ ಮೇಲೆ ಆ ಕಂಬಳಿ ಪೆಟ್ಟಿಗೆಯಿಂದ ಹೊರಗೆ ಬಂದಿರಲಿಲ್ಲ. ಕೇಳಲು ನನಗೆ ಬಾಯಿ ಬರಲಿಲ್ಲ, ಅವ್ವನೇ ತಂದುಕೊಟ್ಟಳು. "ಒದ್ದೆ ಆದ್ರೆ ಆಗ್ಲಿ, ಒಣಗ್ತೈತೆ" ಅಂದಳು. ಒಂದು ವೇಳೆ ಎರಡೂ ಕರಗಿದ್ದರೆ, ಕರಗಿದೆ ಅಂತಲೇ ಅವರಿಗೆ ಹೇಳು. ನಾಳೆ ಇನ್ನೊಂದ್ಸಲ ಮಾಡೋಣ. ಬಸ್ಸು ಹೊರಟಿತು.